ಹಾಡು ಬಿಟ್ಟು ಉಳಿದ ಹುಳ: ಕವಾಯಿ ದ್ವೀಪದ ಒಂದು ಪ್ರಕರಣ ಅಧ್ಯಯನ

ಕವಾಯಿ ಹವಾಯಿ ದ್ವೀಪಗಳಲ್ಲೊಂದು. ಅಲ್ಲಿನ ಹುಲ್ಲಿನಲ್ಲಿ ರಾತ್ರಿಯಾದರೆ ಚಿಮ್ಮಂಡೆಗಳು ಕೂಗುತ್ತಿದ್ದವು. ನಮ್ಮಲ್ಲಿ ಮಳೆ ಬಿಟ್ಟ ರಾತ್ರಿ ಬೇಲಿಯ ಬುಡದಿಂದ ಚಿರ್ ಚಿರ್ ಅನ್ನುವ ಕಂದು ಹುಳ ಇದೆಯಲ್ಲ, ಅದರದೇ ಬಳಗದ್ದು ಇದು. ವಿಜ್ಞಾನಿಗಳು ಇಟ್ಟ ಹೆಸರು ಟೆಲಿಯೋಗ್ರಿಲ್ಲಸ್ ಓಷಿಯಾನಿಕಸ್. ಮೂಲ ಊರು ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳು. ಹವಾಯಿಗೆ ಅದು ಹೊರಗಿನಿಂದ ಬಂದದ್ದು.

ಮಾರ್ಲೀನ್ ಜುಕ್ ಎಂಬ ಸಂಶೋಧಕಿ 1991ರಿಂದ ಈ ಹುಳದ ಬೆನ್ನು ಬಿದ್ದಿದ್ದರು. ಆಗ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್‌ನಲ್ಲಿದ್ದರು. ಹೋದ ಹಾಗೆಲ್ಲ ಕವಾಯಿಯಲ್ಲಿ ಕೂಗು ಕಡಿಮೆಯಾಗುತ್ತಾ ಬಂತು. 2001ರಲ್ಲಿ ಕೇಳಿಸಿದ್ದು ಒಂದೇ ಒಂದು ಗಂಡಿನ ಕೂಗು. 2003ರಲ್ಲಿ ಅದೂ ಇಲ್ಲ.

ಸಂತತಿ ಮುಗಿಯಿತು ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಆದರೂ ತಂಡ ತಲೆದೀಪ ಹಾಕಿಕೊಂಡು ಹುಲ್ಲಿನಲ್ಲಿ ನಡೆದು ಹುಡುಕಿತು. ಹುಳ ಬೇಕಾದಷ್ಟಿದ್ದವು! ಹೆಣ್ಣು ಮಾತ್ರ ಅಲ್ಲ, ಗಂಡುಗಳೂ ಇದ್ದವು. ಅವು ಕೂಗುತ್ತಿರಲಿಲ್ಲ, ಅಷ್ಟೆ. ಹಿಡಿದು ರೆಕ್ಕೆ ನೋಡಿದಾಗ ಕಾರಣ ಗೊತ್ತಾಯಿತು. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಗಂಡುಗಳ ರೆಕ್ಕೆ ಸದ್ದು ಹುಟ್ಟಿಸುವ ಸ್ಥಿತಿಯಲ್ಲೇ ಇರಲಿಲ್ಲ. ಈ ಬದಲಾವಣೆ ಆದದ್ದು 20 ತಲೆಮಾರಿಗಿಂತ ಕಡಿಮೆ ಅವಧಿಯಲ್ಲಿ. ಜುಕ್, ಜಾನ್ ರೊಟೆನ್‌ಬೆರಿ ಮತ್ತು ರಾಬಿನ್ ಟಿಂಗಿಟೆಲ್ಲಾ 2006ರಲ್ಲಿ ಇದನ್ನು ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಪ್ರಾಣಿಗಳು ಪರಿಸರಕ್ಕೆ ಹೊಂದಿಕೊಳ್ಳುತ್ತವೆ ಎಂದಾಗ ನಾವು ಸಾಮಾನ್ಯವಾಗಿ ಮೈಯ ಬಗ್ಗೆ ಯೋಚಿಸುತ್ತೇವೆ. ಒಂಟೆಯ ಡುಬ್ಬ, ಜಿರಾಫೆಯ ಕತ್ತು. ನಡವಳಿಕೆ ಅದರ ಹಿಂದೆ ಬಾಲದ ಹಾಗೆ ಬರುತ್ತದೆ ಎಂಬ ಭಾವನೆ. ಕವಾಯಿ ಪ್ರಕರಣದಲ್ಲಿ ಆದದ್ದು ಉಲ್ಟಾ. ಇಲ್ಲಿ ರೆಕ್ಕೆ ಬದಲಾಗಿದ್ದು ನಿಜ. ಆದರೆ ಆ ರೆಕ್ಕೆ ಇಟ್ಟುಕೊಂಡು ಬದುಕಲು ಬೇಕಾದ ನಡವಳಿಕೆ ಮೊದಲೇ ಅಲ್ಲಿತ್ತು. ಅದಿಲ್ಲದಿದ್ದರೆ ಮೂಕ ಗಂಡು ಒಂದೇ ತಲೆಮಾರಿಗೆ ಮುಗಿದುಹೋಗುತ್ತಿತ್ತು. ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದೇ ಅದಕ್ಕೆ.

ಕೂಗುವವನೂ ಕದ್ದು ಕೇಳುವವಳೂ

ಚಿಮ್ಮಂಡೆಯ ಕೂಗು ಬಾಯಿಂದ ಬರುವುದಿಲ್ಲ. ಗಂಡಿನ ಎರಡು ಮುಂದಿನ ರೆಕ್ಕೆಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದು ರೆಕ್ಕೆಯ ಅಡಿಯಲ್ಲಿ ಸಣ್ಣ ಸಣ್ಣ ಹಲ್ಲುಗಳ ಸಾಲು. ಇನ್ನೊಂದರ ಅಂಚಿನಲ್ಲಿ ಗಟ್ಟಿಯಾದ ಒಂದು ಏಣು. ರೆಕ್ಕೆ ಮುಚ್ಚುವಾಗ ಏಣು ಹಲ್ಲುಗಳ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಅಷ್ಟೇ ಆದರೆ ಸದ್ದು ಸಣ್ಣದು. ರೆಕ್ಕೆಯಲ್ಲಿ ತೆಳುವಾದ, ಬಿಗಿಯಾದ ಪೊರೆಯ ಭಾಗಗಳಿವೆ. ಅವು ಅದುರಿ ಆ ಸಣ್ಣ ಸದ್ದನ್ನು ಜೋರು ಮಾಡುತ್ತವೆ. ಹೆಣ್ಣಿನ ರೆಕ್ಕೆಯಲ್ಲಿ ಇದ್ಯಾವುದೂ ಇಲ್ಲ. ಅದು ಕೂಗುವುದಿಲ್ಲ, ಕೇಳುತ್ತದೆ. ಕಿವಿ ಇರುವುದು ಮುಂಗಾಲಿನಲ್ಲಿ.

ಗಂಡಿನ ಹತ್ತಿರ ಒಂದೇ ಕೂಗು ಇರುವುದಿಲ್ಲ. ದೂರದ ಹೆಣ್ಣನ್ನು ಕರೆಯಲು ಜೋರಾದ ಕೂಗು. ಹೆಣ್ಣು ಹತ್ತಿರ ಬಂದ ಮೇಲೆ ಮೆಲ್ಲನೆಯ ಓಲೈಕೆಯ ಹಾಡು. ಇನ್ನೊಂದು ಗಂಡು ಎದುರಾದರೆ ಜಗಳದ ಸದ್ದು. ಚಿಮ್ಮಂಡೆಗಳಲ್ಲಿ ಕೂಡುವಾಗ ಹೆಣ್ಣೇ ಗಂಡಿನ ಬೆನ್ನೇರಬೇಕು. ಹಾಗಾಗಿ ಹೆಣ್ಣಿನ ಒಪ್ಪಿಗೆ ಇಲ್ಲದೆ ಏನೂ ಆಗುವುದಿಲ್ಲ. ಓಲೈಕೆಯ ಹಾಡು ಆ ಒಪ್ಪಿಗೆ ಪಡೆಯುವ ದಾರಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನೊಣದ ವಿಷಯ. ಓರ್ಮಿಯಾ ಓಕ್ರೇಸಿಯಾ ಎಂಬ ಈ ನೊಣ ಉತ್ತರ ಅಮೆರಿಕದ್ದು. ಅದು ಚಿಮ್ಮಂಡೆಯ ಕೂಗು ಕೇಳಿಸಿಕೊಂಡು ಬರುತ್ತದೆ ಎಂದು 1975ರಲ್ಲೇ ವಿಲಿಯಂ ಕೇಡ್ ಟೆಕ್ಸಾಸ್‌ನಲ್ಲಿ ತೋರಿಸಿದ್ದರು. ಹವಾಯಿಗೆ ಈ ನೊಣವೂ ಹೊರಗಿನದೇ. ಎರಡೂ ಮುಖಾಮುಖಿಯಾದ ಜಾಗ ಭೂಮಿಯ ಮೇಲೆ ಹವಾಯಿ ಒಂದೇ. ಅಂದರೆ ನಮ್ಮ ಹುಳಕ್ಕೆ ಈ ಶತ್ರು ತೀರಾ ಹೊಸದು.

ನೊಣ ಮಾಡುವ ಕೆಲಸ ಭೀಕರ. ಗರ್ಭಿಣಿ ನೊಣ ಕತ್ತಲಲ್ಲಿ ಕೂಗುವ ಗಂಡಿನ ಹತ್ತಿರ ಬಂದು ಇಳಿಯುತ್ತದೆ. ಮೊಟ್ಟೆ ಇಡುವುದಿಲ್ಲ. ಜೀವಂತ ಮರಿಹುಳಗಳನ್ನೇ ಅದರ ಮೈಮೇಲೂ ಸುತ್ತಲೂ ಉದುರಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಮೈಯೊಳಗೆ ಕೊರೆದುಕೊಂಡು ಹೋಗುತ್ತವೆ. ಒಂದು ವಾರ, ಹತ್ತು ದಿನ ಒಳಗಿನಿಂದಲೇ ತಿಂದು ಬೆಳೆಯುತ್ತವೆ. ಆಮೇಲೆ ಮೈ ಒಡೆದು ಹೊರಗೆ ಬಂದು ಕೋಶ ಕಟ್ಟುತ್ತವೆ. ಹುಳ ಸಾಯುತ್ತದೆ. ಬದುಕುವ ಸಾಧ್ಯತೆಯೇ ಇಲ್ಲ.

ಇಷ್ಟು ಸಣ್ಣ ಜೀವಿ ಕತ್ತಲಲ್ಲಿ ಕೂಗಿನ ದಿಕ್ಕು ಹಿಡಿಯುವುದು ಹೇಗೆ? ನಮ್ಮ ತಲೆ ಅಗಲವಾಗಿದೆ. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ತಲುಪುತ್ತದೆ. ಆ ವ್ಯತ್ಯಾಸದಿಂದ ನಮಗೆ ದಿಕ್ಕು ಗೊತ್ತಾಗುತ್ತದೆ. ಈ ನೊಣದ ಎರಡು ಕಿವಿಗಳ ನಡುವೆ ಇರುವುದು ಸುಮಾರು ಅರ್ಧ ಮಿಲಿಮೀಟರ್. ಸಮಯದ ವ್ಯತ್ಯಾಸ ಒಂದೆರಡು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು. ಆದರೆ ಇದರ ಎರಡೂ ಕಿವಿಪೊರೆಗಳನ್ನು ಗಟ್ಟಿಯಾದ ಒಂದು ಸೇತುವೆ ಜೋಡಿಸಿದೆ. ಒಂದು ಅದುರಿದರೆ ಇನ್ನೊಂದು ಬೇರೆ ರೀತಿ ಅದುರುತ್ತದೆ. ಹೀಗೆ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ರಾನಲ್ಡ್ ಹಾಯ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ ಪ್ರಕಾರ ಈ ನೊಣ ಕೇವಲ 2 ಡಿಗ್ರಿಯ ಸೂಕ್ಷ್ಮದಲ್ಲಿ ದಿಕ್ಕು ಹಿಡಿಯುತ್ತದೆ. ಇದೇ ಕಿವಿಯನ್ನು ನೋಡಿ ಶ್ರವಣ ಸಾಧನಗಳಿಗೆ ಹೊಸ ಬಗೆಯ ಮೈಕ್ರೋಫೋನ್ ಮಾಡುವ ಪ್ರಯತ್ನಗಳೂ ನಡೆದಿವೆ. ನೊಣದ ಕಿವಿಯೂ ಪರಿಸರಕ್ಕೆ ಒಗ್ಗಿದ ಮೈಯೇ ಅಲ್ವಾ? ಅದರ ಬಗ್ಗೆ ಬೇರೆಯೇ ಬರೆಯಬೇಕು.

ಜುಕ್ ಮೂರು ದ್ವೀಪಗಳನ್ನು ಹೋಲಿಸಿ ನೋಡಿದ್ದರು: ಹವಾಯಿಯ ದೊಡ್ಡ ದ್ವೀಪ, ಒವಾಹು, ಕವಾಯಿ. ನೊಣದ ಕಾಟ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಕವಾಯಿಯಲ್ಲಿ. ಅಲ್ಲಿ ಸುಮಾರು ಶೇಕಡ 30ರಷ್ಟು ಗಂಡುಗಳ ಒಳಗೆ ನೊಣದ ಮರಿ ಸಿಕ್ಕುತ್ತಿತ್ತು.

ಗಂಡಿನ ಕಷ್ಟ ಈಗ ಗೊತ್ತಾಯಿತಲ್ಲ. ಕೂಗಿದರೆ ಹೆಣ್ಣು ಬರುತ್ತದೆ, ನೊಣವೂ ಬರುತ್ತದೆ. ಕೂಗದಿದ್ದರೆ ಎರಡೂ ಇಲ್ಲ.

ರೆಕ್ಕೆ ಕೆಡುವ ಮೊದಲು

ಮೂಕ ಗಂಡು ಹುಟ್ಟುವ ಮೊದಲೇ ಹವಾಯಿಯ ಹುಳಗಳ ನಡತೆ ಬೇರೆ ಕಡೆಯವಕ್ಕಿಂತ ಸ್ವಲ್ಪ ಬೇರೆಯಾಗಿತ್ತು. ನೊಣ ಇಲ್ಲದ ದ್ವೀಪಗಳಲ್ಲಿ ಗಂಡುಗಳು ಸಂಜೆ ನಿಧಾನಕ್ಕೆ ಕೂಗು ಶುರುಮಾಡಿ, ಬೆಳಗಿನ ಜಾವ ನಿಧಾನಕ್ಕೆ ನಿಲ್ಲಿಸುತ್ತವೆ. ಹವಾಯಿಯಲ್ಲಿ ಕತ್ತಲಾದ ಮೇಲೆ ಒಮ್ಮೆಲೇ ಶುರು, ಬೆಳಕಾಗುವ ಮೊದಲು ಒಮ್ಮೆಲೇ ಬಂದ್. ನೊಣ ಚುರುಕಾಗಿರುವುದು ಮುಸ್ಸಂಜೆಯ ಹೊತ್ತಿನಲ್ಲಿ. ಇನ್ನೊಂದು ಗುಣ: ಹತ್ತಿರದಲ್ಲಿ ಏನಾದರೂ ಅಲುಗಾಡಿದರೆ ಎಲ್ಲ ಚಿಮ್ಮಂಡೆಗಳೂ ಸುಮ್ಮನಾಗುತ್ತವೆ. ನೊಣದ ಕಾಟ ಇರುವ ಕಡೆಯ ಗಂಡುಗಳು ಮತ್ತೆ ಬಾಯಿ ಬಿಡಲು, ಅಲ್ಲ, ರೆಕ್ಕೆ ಬಿಡಲು, ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಳೆದು ತೋರಿಸಿತು.

ಇವೆಲ್ಲ ಸಣ್ಣಪುಟ್ಟ ಎಚ್ಚರಿಕೆಗಳು. ಕೂಗು ಬಿಡದೆ ಅಪಾಯ ತಪ್ಪಿಸುವ ದಾರಿಗಳು. ಕವಾಯಿಯಲ್ಲಿ ಇದು ಸಾಕಾಗಲಿಲ್ಲ. ಅಲ್ಲಿ ಹುಳಗಳ ಸಂಖ್ಯೆ ಬೀಳುತ್ತಲೇ ಹೋಯಿತು.

ಚಪ್ಪಟೆ ರೆಕ್ಕೆ

ಹೊಸ ಬಗೆಯ ಗಂಡಿಗೆ ಸಂಶೋಧಕರು ‘ಫ್ಲಾಟ್‌ವಿಂಗ್’ ಎಂದು ಕರೆದರು. ನಾನು ಚಪ್ಪಟೆ ರೆಕ್ಕೆಯ ಗಂಡು ಎನ್ನುತ್ತೇನೆ. ಮಾಮೂಲಿ ಗಂಡಿನ ರೆಕ್ಕೆಯನ್ನು ಬೆಳಕಿಗೆ ಹಿಡಿದರೆ ನರಗಳು ತಿರುಚಿಕೊಂಡು, ನಡುವೆ ಗಾಜಿನಂಥ ಪೊರೆಗಳು ಕಾಣುತ್ತವೆ. ಚಪ್ಪಟೆ ರೆಕ್ಕೆಯಲ್ಲಿ ನರಗಳು ಹೆಣ್ಣಿನ ರೆಕ್ಕೆಯಲ್ಲಿರುವಂತೆ ಸಾದಾ ಬಲೆಯಾಗಿ ಹರಡಿವೆ. ಹಲ್ಲುಗಳ ಸಾಲು ಕುಗ್ಗಿದೆ, ಜಾಗವೂ ತಪ್ಪಿದೆ. ಸದ್ದು ಜೋರು ಮಾಡುವ ಪೊರೆಗಳು ಅಳಿಸಿಹೋಗಿವೆ. ಬರಿಗಣ್ಣಿಗೆ ಗಂಡೋ ಹೆಣ್ಣೋ ಎಂದು ಅನುಮಾನ ಬರುವಷ್ಟು ಹೋಲಿಕೆ.

ಕಾರಣ ಒಂದೇ ಒಂದು ವಂಶವಾಹಿ ಜಾಗದ ಬದಲಾವಣೆ ಎಂದು ಟಿಂಗಿಟೆಲ್ಲಾ 2008ರಲ್ಲಿ ತೋರಿಸಿದರು. ಆ ಜಾಗ ಇರುವುದು ಎಕ್ಸ್ ಕ್ರೋಮೋಸೋಮಿನ, ಅಂದರೆ ವಂಶವಾಹಿಗಳನ್ನು ಹೊತ್ತ ಒಂದು ಎಳೆಯ ಮೇಲೆ. ಈ ವಿವರ ಬಹಳ ಮುಖ್ಯ. ಚಿಮ್ಮಂಡೆಯ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ವೈ ಎಂಬುದೇ ಇಲ್ಲ. ಗಂಡಿಗೆ ಇರುವ ಒಂದೇ ಎಕ್ಸ್ ಬದಲಾಗಿದ್ದರೆ ಅದನ್ನು ಮುಚ್ಚಿಡಲು ಇನ್ನೊಂದು ಪ್ರತಿ ಇಲ್ಲ. ಹುಟ್ಟಿದವನು ಮೂಕನೇ.

ಈಗ ಒಂದು ಸಂಸಾರ ನೋಡಿ. ಮೂಕ ಗಂಡೊಂದು ಮಾಮೂಲಿ ಹೆಣ್ಣಿನ ಜೊತೆ ಕೂಡಿತು ಅಂತಿಟ್ಟುಕೊಳ್ಳಿ. ಗಂಡುಮಕ್ಕಳಿಗೆ ಎಕ್ಸ್ ಬರುವುದು ತಾಯಿಯಿಂದ. ಹಾಗಾಗಿ ಎಲ್ಲ ಗಂಡುಮಕ್ಕಳೂ ಚೆನ್ನಾಗಿ ಕೂಗುತ್ತಾರೆ. ತಂದೆಯ ಎಕ್ಸ್ ಹೋಗುವುದು ಹೆಣ್ಣುಮಕ್ಕಳಿಗೆ. ಅವರು ಹೇಗೂ ಕೂಗುವವರಲ್ಲ, ಆದ್ದರಿಂದ ಕೂಗಿನ ಮಟ್ಟಿಗೆ ಅವರಿಗೆ ನಷ್ಟವಿಲ್ಲ. ಆದರೆ ಅವರ ಗಂಡುಮಕ್ಕಳಲ್ಲಿ ಅರ್ಧದಷ್ಟು ಮೂಕರು. ಅಜ್ಜನ ಮೌನ ಮಗಳ ಮೂಲಕ ಮೊಮ್ಮಗನಿಗೆ. ನೊಣ ಕೂಗುವವರನ್ನು ಕೊಲ್ಲುತ್ತಾ ಹೋದಂತೆ, ಈ ಬದಲಾದ ಎಕ್ಸ್ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಾ ಹೋಯಿತು. ಹೆಣ್ಣುಗಳಲ್ಲಿ ಅದಕ್ಕೆ ಅಡಗಿ ಕೂರುವ ಜಾಗವೂ ಸಿಕ್ಕಿತ್ತು. ವೇಗದ ಗುಟ್ಟಿನ ಒಂದು ಪಾಲು ಇದೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ‘ನೊಣಕ್ಕೆ ಹೆದರಿ ಹುಳ ಕೂಗುವುದನ್ನು ಬಿಟ್ಟಿತು’ ಎಂದು ಈ ಕಥೆಯನ್ನು ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ತಪ್ಪು. ಯಾವ ಹುಳವೂ ತೀರ್ಮಾನ ಮಾಡಲಿಲ್ಲ, ಯಾವ ನೊಣವೂ ರೆಕ್ಕೆಯನ್ನು ಬದಲಿಸಲಿಲ್ಲ. ವಂಶವಾಹಿಯಲ್ಲಿ ಆಕಸ್ಮಿಕವಾಗಿ ಒಂದು ಬದಲಾವಣೆ ಆಯಿತು. ಬೇರೆ ಜಾಗದಲ್ಲಿ, ಬೇರೆ ಕಾಲದಲ್ಲಿ ಆಗಿದ್ದರೆ ಅದು ಬರೀ ಅಂಗವಿಕಲತೆ. ಕವಾಯಿಯಲ್ಲಿ ಆ ಹೊತ್ತಿಗೆ ನೊಣ ಇತ್ತು, ಆದ್ದರಿಂದ ಉಳಿಯಿತು.

ಇದಕ್ಕೆ ಗಟ್ಟಿ ಸಾಕ್ಷಿ 2018ರಲ್ಲಿ ಬಂತು. ನೇಥನ್ ಬೇಯ್ಲಿ ಮತ್ತು ಸಂಗಡಿಗರು ಚಪ್ಪಟೆ ರೆಕ್ಕೆಯ ಗಂಡುಗಳನ್ನು ಹತ್ತಿರದಿಂದ ಗಮನಿಸಿದರು. ಅವು ಈಗಲೂ ರೆಕ್ಕೆ ಎತ್ತುತ್ತವೆ, ಕೂಗುವ ಲಯದಲ್ಲೇ ತೆರೆದು ಮುಚ್ಚುತ್ತವೆ. ಸದ್ದು ಮಾತ್ರ ಇಲ್ಲ! ಕೂಗು ಎಂಬ ನಡವಳಿಕೆ ಮಿದುಳಿನಲ್ಲಿ ಹಾಗೇ ಇದೆ. ಅದಕ್ಕಾಗಿ ಶಕ್ತಿಯೂ ಖರ್ಚಾಗುತ್ತಿದೆ. ಕೆಟ್ಟಿರುವುದು ವಾದ್ಯ, ವಾದಕ ಅಲ್ಲ. ಹುಳ ಸುಮ್ಮನಿರಲು ಕಲಿತಿದ್ದರೆ ಹೀಗೆ ಇರುತ್ತಿರಲಿಲ್ಲ.

ಮೂಕ ಗಂಡಿಗೆ ಹೆಣ್ಣು ಸಿಕ್ಕಿದ್ದು ಹೇಗೆ

ನನಗೆ ಇಡೀ ಪ್ರಕರಣದ ತಿರುಳು ಇಲ್ಲಿದೆ. ನೊಣದಿಂದ ತಪ್ಪಿಸಿಕೊಂಡರೆ ಸಾಲದು. ಮಕ್ಕಳಾಗದಿದ್ದರೆ ಬದುಕಿ ಉಳಿದದ್ದಕ್ಕೆ ವಿಕಾಸದ ಲೆಕ್ಕದಲ್ಲಿ ಬೆಲೆ ಇಲ್ಲ. ಮೂಕ ಗಂಡಿನ ಎದುರು ಎರಡು ಗೋಡೆಗಳಿದ್ದವು. ಒಂದು, ದೂರದ ಹೆಣ್ಣಿಗೆ ತಾನಿರುವ ಜಾಗ ತಿಳಿಸುವುದು. ಎರಡು, ಹತ್ತಿರ ಬಂದ ಹೆಣ್ಣನ್ನು ಓಲೈಕೆಯ ಹಾಡಿಲ್ಲದೆ ಒಪ್ಪಿಸುವುದು.

ಮೊದಲ ಗೋಡೆ ದಾಟಲು ಹಳೆಯ ಒಂದು ಚಾಳಿ ನೆರವಿಗೆ ಬಂತು. ಚಿಮ್ಮಂಡೆಗಳಲ್ಲಿ ಎಲ್ಲ ಗಂಡುಗಳೂ ಎಲ್ಲ ಹೊತ್ತೂ ಕೂಗುವುದಿಲ್ಲ. ಕೆಲವು ಗಂಡುಗಳು ಜೋರಾಗಿ ಕೂಗುವ ಇನ್ನೊಂದರ ಪಕ್ಕದಲ್ಲಿ ಸದ್ದಿಲ್ಲದೆ ಕಾದು ಕೂರುತ್ತವೆ. ಕೂಗು ಕೇಳಿ ಹೆಣ್ಣು ಬರುವಾಗ ನಡುದಾರಿಯಲ್ಲೇ ಅಡ್ಡ ಹಾಕುತ್ತವೆ. ಇದು ಬಹಳ ಜಾತಿಗಳಲ್ಲಿ ಕಂಡಿರುವ ಪದ್ಧತಿ. ಕೂಗುವ ಶಕ್ತಿ ಇರುವ ಗಂಡಿಗೂ ಇದು ಒಂದು ಆಯ್ಕೆ. ಮೂಕ ಗಂಡಿಗೆ ಇದೇ ಜೀವನ.

ಇದು ಬರೀ ಊಹೆಯೋ ನಿಜವೋ ಎಂದು ನೋಡಲು ಜುಕ್ ತಂಡ ಬಯಲಿನಲ್ಲೇ ಪರೀಕ್ಷೆ ಮಾಡಿತು. ಹುಲ್ಲಿನ ಒಂದು ಜಾಗದಲ್ಲಿದ್ದ ಹುಳಗಳನ್ನು ಮೊದಲು ತೆಗೆದರು. ನಡುವೆ ಸ್ಪೀಕರ್ ಇಟ್ಟು ಧ್ವನಿಮುದ್ರಿಸಿದ ಗಂಡಿನ ಕೂಗನ್ನು ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು, ಯಾರು ಬಂದಿದ್ದಾರೆ, ಸ್ಪೀಕರಿಗೆ ಎಷ್ಟು ಹತ್ತಿರ ಕೂತಿದ್ದಾರೆ ಎಂದು ಎಣಿಸಿದರು. ಬೇರೆ ದ್ವೀಪಗಳಲ್ಲೂ ಇದನ್ನೇ ಮಾಡಿದರು. ಕವಾಯಿಯ ಗಂಡುಗಳು ಕೂಗಿನತ್ತ ಉಳಿದವಕ್ಕಿಂತ ಹೆಚ್ಚು ಎಳೆಯಲ್ಪಟ್ಟು, ಹೆಚ್ಚು ಹತ್ತಿರ ಬಂದು ಕೂತವು. ಕೂಗು ಕೇಳಿ ಹೆಣ್ಣೂ ಅಲ್ಲಿಗೇ ಬರುತ್ತದೆ. ಹಾಗಾಗಿ ಎದುರಾಗುವ ಅವಕಾಶ ಹೆಚ್ಚುತ್ತದೆ. ಉಳಿದಿದ್ದ ಕೆಲವೇ ಕೆಲವು ಹಾಡುಗಾರರ ಸುತ್ತ ಬೇಕಾದಷ್ಟು ಮೂಕರು ಕೂತು ಸಂಸಾರ ಮುಂದುವರಿಸಿದರು. ನೊಣದ ಬಾಯಿಗೆ ಹೋಗುವ ಅಪಾಯ ಹಾಡುಗಾರನಿಗೆ, ಲಾಭದ ಪಾಲು ಎಲ್ಲರಿಗೂ.

ಎರಡನೇ ಗೋಡೆ ಹೆಣ್ಣಿನದು. ಟಿಂಗಿಟೆಲ್ಲಾ ಮತ್ತು ಜುಕ್ 2009ರಲ್ಲಿ ಇದನ್ನು ಕೆದಕಿದರು. ಹವಾಯಿಯ ಹೆಣ್ಣುಗಳು ಓಲೈಕೆಯ ಹಾಡಿಲ್ಲದ ಗಂಡನ್ನೂ ಒಪ್ಪುವ ಸಡಿಲ ಸ್ವಭಾವದವು ಎಂಬುದು ಅವರ ಅಧ್ಯಯನದ ಸಾರ. ಈ ಸಡಿಲತೆ ಚಪ್ಪಟೆ ರೆಕ್ಕೆ ಹರಡುವ ಮೊದಲಿನಿಂದಲೇ ಇದ್ದಿರಬೇಕು ಎಂದು ಅವರು ವಾದಿಸಿದರು. ಯಾಕೆ? ಸಾಗರದ ನಡುವಿನ ದ್ವೀಪಕ್ಕೆ ಮೊದಲು ಬಂದು ಸೇರಿದ ಹುಳಗಳು ಬೆರಳೆಣಿಕೆಯಷ್ಟು. ಅಂಥ ಜಾಗದಲ್ಲಿ ‘ಈ ಗಂಡು ಬೇಡ, ಆ ಗಂಡು ಬೇಡ’ ಎನ್ನುವ ಹೆಣ್ಣಿಗೆ ಮಕ್ಕಳೇ ಆಗುವುದಿಲ್ಲ. ಹೊಂದಿಕೊಂಡು ಹೋದವರ ಸಂತತಿ ಮಾತ್ರ ಉಳಿಯುತ್ತದೆ. ಎಂದೋ ಬೇರೆ ಕಾರಣಕ್ಕೆ ಬಂದ ಗುಣ, ಬಹಳ ಕಾಲದ ನಂತರ ಮೂಕ ಗಂಡಿಗೆ ಬಾಗಿಲು ತೆರೆಯಿತು.

ಇದರ ಜೊತೆಗೆ ಇನ್ನೊಂದು ಪದರ ಇದೆ. ಅದನ್ನು ಓದಿದಾಗ ನನಗೆ ನಿಜಕ್ಕೂ ಬೆರಗಾಯಿತು. ಹುಳದ ನಡವಳಿಕೆ ಹುಟ್ಟಿನಿಂದಲೇ ಪೂರ್ತಿ ತೀರ್ಮಾನವಾಗಿರುವುದಿಲ್ಲ. ಬೆಳೆಯುವಾಗ ಕಿವಿಗೆ ಏನು ಬಿತ್ತು ಎಂಬುದೂ ಅದನ್ನು ತಿದ್ದುತ್ತದೆ. ಬೇಯ್ಲಿ ಮತ್ತು ಜುಕ್ ಹೆಣ್ಣುಮರಿಗಳ ಒಂದು ಗುಂಪನ್ನು ಕೂಗಿನ ನಡುವೆ, ಇನ್ನೊಂದನ್ನು ಪೂರ್ತಿ ನಿಶ್ಶಬ್ದದಲ್ಲಿ ಬೆಳೆಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ನಿಶ್ಶಬ್ದದಲ್ಲಿ ಬೆಳೆದ ಹೆಣ್ಣುಗಳು ಕೂಗು ಕೇಳಿದೊಡನೆ ಬೇಗ ಓಗೊಟ್ಟವು, ಅದರ ಗುಣಮಟ್ಟದ ಬಗ್ಗೆ ಅಷ್ಟಾಗಿ ಚೌಕಾಸಿ ಮಾಡಲಿಲ್ಲ. ಗಂಡುಗಳಲ್ಲೂ ಹೀಗೇ. ಸುತ್ತಲೂ ಬೇಕಾದಷ್ಟು ಕೂಗು ಕೇಳಿಸಿಕೊಂಡು ಬೆಳೆದ ಗಂಡುಗಳು ಇನ್ನೊಬ್ಬರ ಪಕ್ಕ ಕಾದು ಕೂರುವುದು ಕಡಿಮೆ, ಅವುಗಳ ವೃಷಣ ಮತ್ತಿತರ ಅಂಗಗಳೂ ಹೆಚ್ಚು ತೂಕ. ಸುತ್ತ ಪೈಪೋಟಿ ಇದೆ ಎಂಬ ಸುಳಿವು ಕಿವಿಯ ಮೂಲಕ ಹೋಗಿ ಮೈಯನ್ನೇ ಬದಲಿಸಿತು.

ಇದನ್ನು ಕವಾಯಿಗೆ ಅನ್ವಯಿಸಿ ನೋಡಿ. ಮೂಕ ಗಂಡುಗಳು ಹೆಚ್ಚಾದಂತೆ ಊರಿನಲ್ಲಿ ಸದ್ದು ಕಡಿಮೆಯಾಗುತ್ತದೆ. ಸದ್ದು ಕಡಿಮೆಯಾದಂತೆ ಮುಂದಿನ ತಲೆಮಾರಿನ ಹೆಣ್ಣುಗಳ ಪಟ್ಟು ಸಡಿಲವಾಗುತ್ತದೆ, ಗಂಡುಗಳಿಗೆ ಉಳಿದ ಕೂಗಿನ ಹತ್ತಿರ ಹೋಗಿ ಕಾಯುವ ಒಲವು ಜಾಸ್ತಿಯಾಗುತ್ತದೆ. ಅಂದರೆ ಮೂಕ ಗಂಡಿಗೆ ಅನುಕೂಲವಾಗುವ ಊರನ್ನು ಮೂಕ ಗಂಡುಗಳೇ ಕಟ್ಟುತ್ತಾ ಹೋದವು. ಇದಕ್ಕೆ ಹೊಸ ವಂಶವಾಹಿ ಬೇಕಿಲ್ಲ, ಇರುವ ಹುಳವೇ ಬೇರೆ ರೀತಿ ಬೆಳೆಯುತ್ತದೆ. ರೆಕ್ಕೆ ತಲೆಮಾರುಗಳ ಲೆಕ್ಕದಲ್ಲಿ ಬದಲಾದರೆ, ನಡವಳಿಕೆ ಒಂದೇ ಜೀವಮಾನದಲ್ಲಿ ಬಾಗುತ್ತದೆ. ವೇಗದ ಗುಟ್ಟಿನ ಇನ್ನೊಂದು ಪಾಲು ಇದು.

ಒವಾಹು, ಆಮೇಲೆ ನಮ್ಮ ಕುದುರೆಮುಖ

2005ರಲ್ಲಿ ಪಕ್ಕದ ಒವಾಹು ದ್ವೀಪದಲ್ಲೂ ಚಪ್ಪಟೆ ರೆಕ್ಕೆಯ ಗಂಡು ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಗಂಡುಗಳು ಹಾಗೇ ಆದವು. ಕವಾಯಿಯಿಂದ ಹುಳ ಗಿಡದ ಕುಂಡದಲ್ಲೋ ಸಾಮಾನಿನಲ್ಲೋ ದಾಟಿ ಬಂದಿರಬೇಕು ಎಂದೇ ಮೊದಲು ಅನ್ನಿಸುವುದು. ಸೋನಿಯಾ ಪಾಸ್ಕೋಲ್, ಬೇಯ್ಲಿ ಮತ್ತು ಸಂಗಡಿಗರು 2014ರಲ್ಲಿ ‘ಕರೆಂಟ್ ಬಯಾಲಜಿ’ಯಲ್ಲಿ ಬೇರೆಯೇ ಚಿತ್ರ ಕೊಟ್ಟರು. ಎರಡು ದ್ವೀಪಗಳ ಮೂಕ ರೆಕ್ಕೆಗಳ ಆಕಾರವೇ ಬೇರೆ. ಕವಾಯಿಯದು ಹೆಣ್ಣಿನ ರೆಕ್ಕೆಗೆ ತುಂಬಾ ಹತ್ತಿರ, ಒವಾಹುವಿನದರಲ್ಲಿ ಸದ್ದಿನ ಅಂಗಗಳ ಗುರುತು ಇನ್ನೂ ಉಳಿದಿದೆ. ವಂಶವಾಹಿಯ ಗುರುತುಗಳೂ ಹೊಂದುವುದಿಲ್ಲ. ಒಂದೇ ಕಷ್ಟಕ್ಕೆ ಎರಡು ಕಡೆ ಬೇರೆ ಬೇರೆಯಾಗಿ ಒಂದೇ ರೀತಿಯ ಉತ್ತರ ಹುಟ್ಟಿತ್ತು. ಆಮೇಲೆ ಸುರುಳಿ ರೆಕ್ಕೆ, ಗಿಡ್ಡ ರೆಕ್ಕೆಯಂಥ ಬೇರೆ ಮೂಕ ಬಗೆಗಳೂ ಹವಾಯಿಯಲ್ಲಿ ಸಿಕ್ಕವು. ಸದ್ದು ಮಾಡುವ ರೆಕ್ಕೆ ಬಹಳ ನಾಜೂಕಿನ ಯಂತ್ರ. ಅದನ್ನು ಕೆಡಿಸಲು ಹಲವು ದಾರಿಗಳಿವೆ.

ಹಾಗಾದರೆ ಮೌನ ಯಾವಾಗಲೂ ಕ್ಷೇಮವೇ? ಇಲ್ಲ ಎನ್ನಲು ಸಾಕ್ಷಿ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ತಂಡ ಕುದುರೆಮುಖದ ಬಳಿ ಒಂದು ಬಾವಲಿಯ ಊಟವನ್ನು ಪತ್ತೆ ಮಾಡಿತು. ಈ ಬಾವಲಿ ದೊಡ್ಡ ಹಸಿರು ಎಲೆಮಿಡತೆಗಳನ್ನು ಹಿಡಿದು ತನ್ನ ಗೂಡಿಗೆ ತಂದು ತಿನ್ನುತ್ತದೆ, ರೆಕ್ಕೆಗಳನ್ನು ಕೆಳಗೆ ಉದುರಿಸುತ್ತದೆ. ಉದುರಿದ ರೆಕ್ಕೆ ನೋಡಿದರೆ ತಿಂದದ್ದು ಗಂಡೋ ಹೆಣ್ಣೋ ಹೇಳಬಹುದು. ಕೂಗುವ ಗಂಡೇ ಹೆಚ್ಚು ಸಾಯುತ್ತದೆ ಎಂದುಕೊಳ್ಳುತ್ತೇವೆ. ಸಿಕ್ಕಿದ್ದು ಹೆಣ್ಣಿನ ರೆಕ್ಕೆಗಳೇ ಜಾಸ್ತಿ! ಕೂಗದ ಹೆಣ್ಣು ಗಂಡನ್ನು ಹುಡುಕಿಕೊಂಡು ಹಾರಬೇಕು. ಹಾರುವಾಗ ಬಾವಲಿಗೆ ಸಿಕ್ಕಿಬೀಳುತ್ತದೆ. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು.

ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ವಿಷಯ ತಿಳಿಯಾಗುತ್ತದೆ. ಕವಾಯಿಯ ನೊಣಕ್ಕೆ ಕಿವಿಯೇ ದಾರಿ. ಸದ್ದು ನಿಂತರೆ ಅದರ ಬೇಟೆ ಹೆಚ್ಚುಕಡಿಮೆ ನಿಂತಂತೆಯೇ. ಕುದುರೆಮುಖದ ಬಾವಲಿಗೆ ಹಾರುವ ರೆಕ್ಕೆಯ ಸದ್ದೂ ಸಾಕು. ಅಲ್ಲಿ ಚಪ್ಪಟೆ ರೆಕ್ಕೆಯ ಗಂಡು ಹುಟ್ಟಿದರೂ ಹರಡುತ್ತಿತ್ತೆಂದು ಹೇಳಲಾಗದು. ಮೈಯ ಗುಣ ಒಳ್ಳೆಯದೋ ಕೆಟ್ಟದ್ದೋ ಎಂಬುದು ಮೈಯಲ್ಲಿ ಬರೆದಿಲ್ಲ, ಸುತ್ತಲಿನ ಶತ್ರು ಯಾರು ಎಂಬುದರ ಮೇಲೆ ನಿಂತಿದೆ.

ಅದೇ ತಂಡದ ಇನ್ನೊಂದು ಕೆಲಸ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಓಯಿಕಾಂತಸ್ ಹೆನ್ರಿಯೈ ಎಂಬ, ಗಿಡದ ಮೇಲೆ ಬದುಕುವ ಚಿಮ್ಮಂಡೆಯ ಗಂಡು ಎಲೆಯಲ್ಲಿ ತೂತು ಕಡಿದು, ಅದರೊಳಗೆ ತಲೆ ತೂರಿಸಿ, ರೆಕ್ಕೆಯನ್ನು ಎಲೆಗೆ ಸಮನಾಗಿ ಹರವಿ ಕೂಗುತ್ತದೆ. ರೆಕ್ಕೆಯ ಮುಂದಿನ ಸದ್ದೂ ಹಿಂದಿನ ಸದ್ದೂ ಅಂಚಿನಲ್ಲಿ ಒಂದನ್ನೊಂದು ಹೊಡೆದುಹಾಕುವುದನ್ನು ಎಲೆ ತಡೆಯುತ್ತದೆ. ಕೂಗು ಜೋರಾಗುತ್ತದೆ. 2020ರ ಈ ಅಧ್ಯಯನದಲ್ಲಿ ಕಂಡದ್ದು: ಸಣ್ಣ ಮೈಯ, ಮೆಲುದನಿಯ ಗಂಡುಗಳೇ ಇದನ್ನು ಹೆಚ್ಚಾಗಿ ಮಾಡುತ್ತವೆ. ಹೀಗೆ ದೊಡ್ಡ ಗಂಡುಗಳ ಸಮಕ್ಕೆ ಹೆಣ್ಣುಗಳನ್ನು ಸೆಳೆಯುತ್ತವೆ. ಇಲ್ಲೂ ಮೈಯ ಕೊರತೆಯನ್ನು ನಡವಳಿಕೆ ತುಂಬಿಕೊಡುತ್ತಿದೆ, ಅಲ್ವಾ? ಒಬ್ಬ ಕೂಗು ಬಿಟ್ಟು ಉಳಿದ, ಇನ್ನೊಬ್ಬ ಎಲೆ ಹಿಡಿದು ಕೂಗು ಹೆಚ್ಚಿಸಿಕೊಂಡ.

ಹಾಡುಗಾರರೇ ಇಲ್ಲವಾದರೆ

ಕವಾಯಿಯ ಲೆಕ್ಕದಲ್ಲಿ ಒಂದು ತೊಡಕಿದೆ. ಕಾದು ಕೂರುವ ತಂತ್ರ ನಡೆಯಬೇಕಾದರೆ ಯಾರಾದರೊಬ್ಬ ಕೂಗಬೇಕು. ಎಲ್ಲರೂ ಮೂಕರಾದರೆ ಯಾರ ಪಕ್ಕ ಕೂರುವುದು? ನಂತರದ ವರ್ಷಗಳಲ್ಲಿ ಕವಾಯಿಯಲ್ಲಿ ಕೂಗುವ ಗಂಡು ಸಿಗುವುದೇ ಅಪರೂಪವಾಯಿತು. ಆದರೂ ಹುಳಗಳು ಉಳಿದಿವೆ. ಸೂಸನ್ ಬ್ಯಾಲೆಂಜರ್ ಮತ್ತು ಜುಕ್ 2015ರಲ್ಲಿ ಇದಕ್ಕೊಂದು ಸುಳಿವು ಕೊಟ್ಟರು. ನಿಶ್ಶಬ್ದದಲ್ಲಿ ಬೆಳೆದ ಗಂಡುಗಳು ಹೆಚ್ಚು ನಡೆದಾಡುತ್ತವೆ. ಕೂಗು ಇಲ್ಲದ ಕಡೆ ಕಾದು ಕೂರುವ ಬದಲು ಸುತ್ತಾಡಿ ಹೆಣ್ಣನ್ನು ಎದುರುಗೊಳ್ಳುವ ದಾರಿ ಇದು. ಹುಳಗಳು ದಟ್ಟವಾಗಿದ್ದಷ್ಟು ದಿನ ಇದು ನಡೆಯಬಹುದು. ವಿರಳವಾದರೆ ಕಷ್ಟ. ನನ್ನ ಮಟ್ಟಿಗೆ ಕವಾಯಿಯ ಹುಳ ಇನ್ನೂ ಗೆದ್ದಿಲ್ಲ. ಒಂದು ಶತ್ರುವಿನಿಂದ ಪಾರಾಗಿದೆ, ಅಷ್ಟೆ.

ಮೊಲೊಕಾಯಿ ದ್ವೀಪದಲ್ಲಿ ಮಾತ್ರ ಕಥೆ ಬೇರೆ ಕಡೆ ತಿರುಗಿದೆ. ಡೆನ್ವರ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಟಿಂಗಿಟೆಲ್ಲಾ ಅಲ್ಲಿನ ಕಲಾವುಪಾಪದಲ್ಲಿ ವಿಚಿತ್ರ ಸದ್ದೊಂದನ್ನು ಕೇಳಿದರು. ಹಿಂದೆ ಕುಷ್ಠರೋಗಿಗಳನ್ನು ದೂರವಿಟ್ಟಿದ್ದ, ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿರುವ ಜಾಗ ಅದು. ಬೆಕ್ಕಿನ ಗುರುಗುಟ್ಟುವಿಕೆಯಂಥ ಸಣ್ಣ ಸದ್ದು. ಹುಡುಕಿದರೆ ಸಿಕ್ಕಿದ್ದು ಇದೇ ಚಿಮ್ಮಂಡೆ! ಅದರ ರೆಕ್ಕೆ ಪೂರ್ತಿ ಚಪ್ಪಟೆಯೂ ಅಲ್ಲ, ಮಾಮೂಲಿಯೂ ಅಲ್ಲ. ಮಾಮೂಲಿ ಕೂಗಿಗಿಂತ ಬಹಳ ಮೆಲ್ಲಗೆ, ಹರಡಿದ ಸ್ವರಗಳಲ್ಲಿ ಅದು ಗುರುಗುಡುತ್ತದೆ. 2018ರಲ್ಲಿ ಅವರು ಇದನ್ನು ಹೊಸ ಸಂಕೇತ ಎಂದು ಪ್ರಕಟಿಸಿದರು.

ಈ ಗುರುಗು ಯಾರಿಗೆ ಕೇಳಿಸುತ್ತದೆ? 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಅಧ್ಯಯನ ಬಯಲಿನಲ್ಲೇ ಅದನ್ನು ನೋಡಿತು. ಗುರುಗನ್ನು ಸ್ಪೀಕರಿನಲ್ಲಿ ಹಾಕಿದಾಗ ಹೆಣ್ಣು ಚಿಮ್ಮಂಡೆಗಳು ಬಂದವು, ನೊಣಗಳು ಬರಲಿಲ್ಲ. ಹೆಣ್ಣಿಗೆ ಮಾತ್ರ ತಲುಪುವ ಗುಟ್ಟಿನ ಮಾತು ಹುಟ್ಟುತ್ತಿರುವ ಹಾಗಿದೆ. ಸದ್ಯಕ್ಕೆ ಒಂದು ಹುಳದ ಗುರುಗು ಇನ್ನೊಂದರ ಹಾಗಿಲ್ಲ. ಸ್ವರ ಬೇರೆ, ಜೋರು ಬೇರೆ. ಅವುಗಳಲ್ಲಿ ಯಾವುದನ್ನು ಹೆಣ್ಣುಗಳು ಆರಿಸುತ್ತಾ ಹೋಗುತ್ತವೆ, ನೊಣದ ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆಯೇ ಎಂಬುದನ್ನು ಮುಂದಿನ ತಲೆಮಾರುಗಳಲ್ಲಿ ಅಳೆದು ನೋಡಬೇಕು. ಈ ಹುಳ ಬದಲಾಗುವ ವೇಗ ನೋಡಿದರೆ ಅದಕ್ಕೆ ಬಹಳ ವರ್ಷ ಕಾಯಬೇಕಾಗಿ ಬರಲಿಕ್ಕಿಲ್ಲ.